ಅಂಗಾಲಿನಲ್ಲಿ ಗೇರು ಕೇಳುವ ಶರಣಬಸಪ್ಪ

ನರಗುಂದದ ಗುಡ್ಡದ ನೆತ್ತಿಗೆ ಇನ್ನೂ ಬಿಸಿಲು ತಾಗಿಲ್ಲ. ರೋಣ ರಸ್ತೆಯ ಬದಿಯ ತಗಡಿನ ಶೆಡ್ಡಿನಲ್ಲಿ ಹಳೆಯ ಬಿಳಿ ಕಾರೊಂದು ನಿಂತಿದೆ. ಅದರ ಬಾನೆಟ್ಟಿನ ಮೇಲೆ ಅಂಗೈ ಊರಿ ಶರಣಬಸಪ್ಪ ಗುಳೇದ ಬಿಸಿ ಇದೆಯೇ ಎಂದು ನೋಡುತ್ತಾರೆ. ಬಾನೆಟ್ಟು ತಣ್ಣಗಿದೆ. 'ಯಾರೂ ಚಾಲೂ ಮಾಡಿಲ್ಲ, ಹೌದಿಲ್ರಿ?' ಎಂದು ಕೇಳುತ್ತಾರೆ. ಕಾರಿನ ಒಡತಿ ಶಾಂಭವಿ ತಲೆಯಾಡಿಸುತ್ತಾರೆ. ನಿನ್ನೆ ಸಂಜೆ ಕಾರನ್ನು ಇಲ್ಲಿ ಬಿಟ್ಟು, ಊರೊಳಗಿನ ನೆಂಟರ ಮನೆಯಲ್ಲಿ ಉಳಿದಿದ್ದರು. ಕೀಲಿಕೈ ಅವರ ಕೈಚೀಲದಲ್ಲೇ ಇತ್ತು.

'ಚಲೋ ಆತು. ರಾತ್ರಿಯೆಲ್ಲಾ ಮಲಗಿ ಎದ್ದ ಗಾಡಿ ಸುಳ್ಳ ಹೇಳೂದಿಲ್ಲ' ಎನ್ನುತ್ತಾ ಶರಣಬಸಪ್ಪ ಎಡಬದಿಯ ಬಾಗಿಲು ತೆಗೆದು ಕಾಲಡಿಯ ರಬ್ಬರ್ ಚಾಪೆಯನ್ನು ಎತ್ತಿ ಹೊರಗಿಡುತ್ತಾರೆ. ಚಪ್ಪಲಿಯನ್ನೂ ಬಿಡುತ್ತಾರೆ. ಸೀಟಿನಲ್ಲಿ ಕುಳಿತು, ಎರಡೂ ಅಂಗಾಲುಗಳನ್ನು ಕಾರಿನ ನೆಲಕ್ಕೆ ಪೂರ್ತಿ ಒತ್ತಿ ಇಟ್ಟು, ಕಣ್ಣು ಮುಚ್ಚುತ್ತಾರೆ.

ಪಕ್ಕದ ಶೆಡ್ಡಿನ ಜಂಗ್ಲಿಸಾಬ ಟ್ರ್ಯಾಕ್ಟರ್ ಮೆಕ್ಯಾನಿಕ್. ಬಾಯಲ್ಲಿ ಬೇವಿನ ಕಡ್ಡಿ ಇಟ್ಟುಕೊಂಡೇ ಇಣುಕುತ್ತಾರೆ. 'ಏನ್ ಬಸಣ್ಣಾ, ಚಪ್ಪಲಿ ಬಿಟ್ಟ ಕುಂತೀಯಲ್ಲ, ಗುಡಿಗೆ ಬಂದೀಯೋ ಗ್ಯಾರೇಜಿಗೆ ಬಂದೀಯೋ?'

'ನಿನ್ನ ಟ್ರ್ಯಾಕ್ಟರಿಗೆ ಬೂಟ ಹಾಕ್ಕೊಂಡ ಒದ್ರೂ ನಡೀತೈತಿ. ಇದಕ್ಕ ಬರಿಗಾಲ ಬೇಕೋ ಮಾರಾಯಾ. ಹೋಗ, ಮಾರಿ ತೊಳ್ಕೋ.'

ಶಾಂಭವಿ ಸ್ಟೇರಿಂಗಿನ ಹಿಂದೆ ಕೂರುತ್ತಾರೆ. ಬ್ರೇಕ್ ಒತ್ತಿ, ಚಾಲೂ ಮಾಡಿ, ಗೇರಿನ ಕೋಲನ್ನು ಡಿ ಅಕ್ಷರಕ್ಕೆ ಎಳೆಯುತ್ತಾರೆ. ಏನೂ ಆಗುವುದಿಲ್ಲ. ಎಂಜಿನ್ನು ತನ್ನಷ್ಟಕ್ಕೆ ಗುನುಗುತ್ತಿದೆ. ಹೊರಗೆ ಹಾಲಿನ ಕ್ಯಾನು ಕಟ್ಟಿದ ಮೋಟಾರ್ ಸೈಕಲ್ಲೊಂದು ಹಾದುಹೋಗುತ್ತದೆ. ಆಮೇಲೆ ಕಾರಿನ ಹೊಟ್ಟೆಯೊಳಗೆ ಧಡಕ್ಕೆಂದು ಏನೋ ಕೂಡಿಕೊಳ್ಳುತ್ತದೆ. ಡ್ಯಾಶ್‌ಬೋರ್ಡಿನ ಮೇಲೆ ಸ್ಪ್ರಿಂಗಿಗೆ ಕೂರಿಸಿದ ಪುಟ್ಟ ಬಸವಣ್ಣ ಮುಂದಕ್ಕೆ ಬಾಗಿ ಹಿಂದಕ್ಕೆ ಬರುತ್ತಾನೆ.

'ದಿನಾ ಇಷ್ಟ ತಡಾ ಮಾಡ್ತೈತೇನ್ರಿ?'

'ದಿನಾ. ಮೊದ್ಲ ಹಾಕಿದ ಕೂಡ್ಲೇ ಹಿಡೀತಿತ್ರಿ. ಈಗ ನಾ ಎಲ್ಲಾ ದೇವರ ಹೆಸರ ಹೇಳಿ ಮುಗಿಸಿದ ಮ್ಯಾಲ.'

ಕ್ಲಚ್ ಇಲ್ಲದ, ಗೇರು ತಾನಾಗಿಯೇ ಬದಲಾಗುವ ಕಾರು ಇದು. ಇಂಥ ಆಟೋಮ್ಯಾಟಿಕ್ ಕಾರುಗಳು ಹೊಸದಿರುವಾಗ ದೊಡ್ಡ ಊರುಗಳಲ್ಲಿ ಓಡಿ, ಹಳತಾದ ಮೇಲೆ ಕೈಬದಲಾಗುತ್ತಾ ನರಗುಂದ, ರೋಣದ ಕಡೆಗೆ ಬರುತ್ತವೆ. ಬಂದ ಮೇಲೆ ಅವುಗಳ ಗೇರು ಕೈಕೊಟ್ಟರೆ ಬಹಳ ಮೆಕ್ಯಾನಿಕರು ಬಾನೆಟ್ ಎತ್ತಿ, ನೋಡಿ, ಮತ್ತೆ ಮುಚ್ಚುತ್ತಾರೆ. ಸುತ್ತಲಿನ ತಾಲೂಕುಗಳಲ್ಲಿ ಆಗ ಹೇಳುವ ಮಾತು ಒಂದೇ: ನರಗುಂದಕ್ಕೆ ಹೋಗಿ, ಬರಿಗಾಲ ಬಸಣ್ಣನ ಕಡೆ. ಶೆಡ್ಡಿಗೆ ಹೆಸರಿನ ಬೋರ್ಡಿಲ್ಲ. ಬಾಗಿಲ ಮೇಲೆ ಹಿಂದಿದ್ದ ಯಾರೋ ಬರೆಸಿದ 'ಇಲ್ಲಿ ಗಾಲಿಗೆ ಹವಾ ಹಾಕಲಾಗುವುದು' ಎಂಬ ಸಾಲು ಅರ್ಧ ಅಳಿಸಿಹೋಗಿದೆ. ಹವಾ ಹಾಕುವ ಯಂತ್ರ ಇಲ್ಲಿ ಇಲ್ಲವೇ ಇಲ್ಲ.

ಶರಣಬಸಪ್ಪ ಗಜೇಂದ್ರಗಡದ ನೇಕಾರರ ಮನೆಯವರು. ಮೀಸೆ ಮೂಡುವ ಮೊದಲೇ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತವರು. ಅಂಗಾಲಿನ ವಿದ್ಯೆ ಎಲ್ಲಿಂದ ಬಂತೆಂದು ಕೇಳಿದರೆ ಅವರಿಗೆ ಪ್ರಶ್ನೆಯೇ ವಿಚಿತ್ರವೆನಿಸುತ್ತದೆ. 'ಕುಣ್ಯಾಗ ಕಾಲ ಕಾಣೂದಿಲ್ರಿ. ತುಳಿಯೂ ಹಲಗಿ ಹ್ಯಾಂಗ ಏಳತೈತಿ, ಹ್ಯಾಂಗ ಬೀಳತೈತಿ ಅನ್ನೂದರ ಮ್ಯಾಲ ಎಳಿ ಬಿಗಿ ಐತೋ ಸಡ್ಲ ಐತೋ ಕಾಲಿಗೇ ತಿಳೀತೈತಿ. ಕಣ್ಣ ಬಟ್ಟಿ ಮ್ಯಾಲ ಇರತೈತಿ, ಕಾಲ ತನ್ನ ಪಾಡಿಗೆ ಸುದ್ದಿ ಹೇಳತಿರತೈತಿ. ಇಲ್ಲೂ ಹಂಗ.'

ಕಾರು ಶೆಡ್ಡಿನಿಂದ ಹೊರಬಿದ್ದು ಪೂರ್ವಕ್ಕೆ ತಿರುಗುತ್ತದೆ. ರಸ್ತೆಯ ಎರಡೂ ಬದಿಗೆ ಎರೆಹೊಲ. ಕಡಲೆಯ ಮೇಲೆ ಮಂಜು ಕೂತಿದೆ. ಒಂದನೆಯ ಗೇರಿನಿಂದ ಎರಡಕ್ಕೆ ಹೋಗುವಾಗ ಸಣ್ಣ ತಡವರಿಕೆ. ಎರಡರಿಂದ ಮೂರಕ್ಕೆ ಹೋಗಬೇಕಾದಲ್ಲಿ ಎಂಜಿನ್ನು ಇದ್ದಕ್ಕಿದ್ದಂತೆ ಕೂಗಿಕೊಳ್ಳುತ್ತದೆ, ಕಾರು ಮಾತ್ರ ಮುಂದೆ ಹೋಗುವುದಿಲ್ಲ. ಬಳಿಕ ಹಿಂದಿನಿಂದ ಯಾರೋ ಒದ್ದಂತೆ ಮೂರನೆಯದು ಬೀಳುತ್ತದೆ. ತಿರುವಿನಲ್ಲಿ ಇನ್ನೂ ಜೋರು. ಬಸವಣ್ಣ ಬಾಗಿ ಬಾಗಿ ಏಳುತ್ತಿದ್ದಾನೆ. ಶರಣಬಸಪ್ಪ ಕಣ್ಣು ಮುಚ್ಚಿಯೇ ಕೂತಿದ್ದಾರೆ. ಶಾಂಭವಿ ಆಗಾಗ ಅವರ ಮುಖ ನೋಡುತ್ತಾರೆ. ಆ ಮುಖದಲ್ಲಿ ಓದಲು ಏನೂ ಸಿಗುವುದಿಲ್ಲ.

ಶಾಂಭವಿಯವರ ಊರು ಹೊಳೆಆಲೂರು. ಎಳವೆಯಲ್ಲಿ ಬಂದ ಜ್ವರಕ್ಕೆ ಎಡಗಾಲು ಸೊರಗಿದೆ. ಗಜೇಂದ್ರಗಡದ ನೇಕಾರರ ಮನೆಮನೆಗೆ ಹೋಗಿ ಸೀರೆ ಆರಿಸಿ ತಂದು ರೋಣ, ನರಗುಂದದ ಅಂಗಡಿಗಳಿಗೆ ಕೊಡುವುದು ಅವರ ಉದ್ಯೋಗ. ಈ ಕಾರು ಬರುವ ಮೊದಲು ಅಣ್ಣ ಅಮರೇಶನ ಮೋಟಾರ್ ಸೈಕಲ್ಲಿನ ಹಿಂದೆ ಕೂತು ಹೋಗುತ್ತಿದ್ದರು. 'ಅಣ್ಣಗ ಪುರುಸೊತ್ತ ಆದ ದಿನಾ ನನ್ನ ಯಾಪಾರ' ಎಂದು ನಗುತ್ತಾರೆ. ಕ್ಲಚ್ ತುಳಿಯುವ ಕಾಲು ಇಲ್ಲದಿದ್ದರೂ ಓಡಿಸಬಹುದಾದ ಕಾರೊಂದು ಇದೆ ಎಂದು ಗೊತ್ತಾದ ಮೇಲೆ ಅವರು ಅಣ್ಣನನ್ನು ಕಾಯುವುದನ್ನು ಬಿಟ್ಟರು.

ಹೋದ ಮಳೆಗಾಲದಲ್ಲಿ ಮಲಪ್ರಭೆ ಊರೊಳಗೆ ಬಂದಳು. ಅಂಗಳದಲ್ಲಿ ನಿಂತಿದ್ದ ಕಾರಿನ ಗಾಲಿ ಅರ್ಧ ಮುಳುಗಿತ್ತು. ಅದಾಗಿ ಸ್ವಲ್ಪ ದಿನಕ್ಕೇ ಗೇರು ಜಾರುವುದು ಶುರುವಾಯಿತು. ಹೊಳೆಯ ನೀರು ಗೇರ್ ಡಬ್ಬಿಗೆ ಹೊಕ್ಕಿದೆ, ಇನ್ನು ಇದು ಮುಗಿದಂತೆ ಎಂದು ನೋಡಿದವರೆಲ್ಲ ಹೇಳಿದರು. ಕಳೆದ ವಾರ ಗಜೇಂದ್ರಗಡದಿಂದ ಬರುವಾಗ ನಡುದಾರಿಯಲ್ಲಿ ಕಾರು ಮುಂದೆ ಹೋಗದೆ ನಿಂತಾಗ ಅಮರೇಶ ಬಂದು ಕರೆದೊಯ್ಯಬೇಕಾಯಿತು. ಆತ ಹಳೆಯ ಕಾರುಗಳನ್ನು ಬಿಡಿಭಾಗಕ್ಕೆಂದು ಒಡೆಯುವವರೊಬ್ಬರಿಗೆ ಮಾತು ಕೊಟ್ಟಿದ್ದಾನೆ. ಅವರು ಇವತ್ತು ಮಧ್ಯಾಹ್ನ ಈ ಶೆಡ್ಡಿಗೇ ಬಂದು ಕಾರು ಒಯ್ಯುತ್ತಾರೆ. ಅದಕ್ಕೂ ಮೊದಲು ಒಂದು ಸಲ ಬರಿಗಾಲ ಬಸಣ್ಣನಿಗೆ ತೋರಿಸುತ್ತೇನೆಂದು ಶಾಂಭವಿ ಹಟ ಹಿಡಿದು ತಂದಿದ್ದಾರೆ.

'ನಡುರಸ್ತ್ಯಾಗ ನಿಲ್ಲೂದಕ್ಕಿಂತ ಮನ್ಯಾಗಿರು, ಸೀರಿ ನಾ ತರತೀನಿ ಅಂತಾನ್ರಿ ನಮ್ಮಣ್ಣ. ಅಂವ ಕೆಟ್ಟಂವ ಅಲ್ಲ. ನನ್ನ ಮ್ಯಾಲ ಜೀವ ಇಟ್ಕೊಂಡಾನ. ಆದ್ರ ಅಂವಗ ಸೀರಿ ಆರಿಸಾಕ ಬರೂದಿಲ್ಲ. ಕೆಂಪ ಅಂದ್ರ ಒಂದ ಕೆಂಪ ಅಂವಗ.' ಸ್ವಲ್ಪ ತಡೆದು, ರಸ್ತೆಯನ್ನೇ ನೋಡುತ್ತಾ ಸೇರಿಸುತ್ತಾರೆ: 'ಸೀರಿ ಹೋಗ್ಲಿ ಬಿಡ್ರಿ. ನನಗ ಹೋಗಬೇಕನಸಿದಾಗ ಹೋಗೂದು ಒಂದು ರೂಢಿ ಆಗಿಬಿಟ್ಟೈತಿ.'

ಶೆಡ್ಡಿಗೆ ಮರಳಿದಾಗ ಬಿಸಿಲು ಕೋಟೆಯ ಗುಡ್ಡದಿಂದ ಕೆಳಗಿಳಿದು ರಸ್ತೆಗೆ ಬಂದಿದೆ. ಕಾರನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಬೇಡಿ ಎನ್ನುತ್ತಾರೆ ಶರಣಬಸಪ್ಪ. ಬಾನೆಟ್ ಎತ್ತಿ, ಗೇರಿನ ಎಣ್ಣೆ ಅಳೆಯುವ ಕಡ್ಡಿಗೆ ಕೈಹಾಕುತ್ತಾರೆ.

'ಎಣ್ಣಿ ಪೂರಾ ಐತ್ರಿ. ಅಣ್ಣ ದಿನಾ ಮುಂಜಾನೆ ಟ್ರ್ಯಾಕ್ಟರಿಂದು ನೋಡಿ ಆಮ್ಯಾಲ ಇದರದೂ ನೋಡ್ತಾನ. ಗೆರಿಮಟ ಇರತೈತಿ.'

'ಗಾಡಿ ಬಂದ್ ಇದ್ದಾಗ ನೋಡ್ತಾರ, ಹೌದಲ್ರಿ?'

'ಹೌದ್ರಿ. ಚಾಲೂ ಇದ್ದಾಗ ಯಾರ ನೋಡ್ತಾರ?'

ಶರಣಬಸಪ್ಪ ಕಡ್ಡಿ ಹೊರಗೆಳೆಯುವುದಕ್ಕೆ ಮೊದಲು ಅಂಗಿಯ ಜೇಬಿನಿಂದ ಬಿಳಿ ನೂಲಿನ ಕುಚ್ಚೊಂದನ್ನು ತೆಗೆಯುತ್ತಾರೆ. ಅವರ ಹೆಂಡತಿ ನೀಲಾ ಈಗಲೂ ಮನೆಯಲ್ಲಿ ಮಗ್ಗ ನಡೆಸುತ್ತಾರೆ. ಸೀರೆ ಇಳಿಸಿದ ಮೇಲೆ ಮಗ್ಗದಲ್ಲಿ ಉಳಿಯುವ ನೂಲಿನ ತುದಿಗಳನ್ನು ಗಂಟು ಕಟ್ಟಿ ಗಂಡನಿಗೆ ಕೊಡುತ್ತಾರೆ. ಗ್ಯಾರೇಜುಗಳಲ್ಲಿ ಎಣ್ಣೆ ಒರೆಸಲು ಇರುವ ಮಾಸಲು ಬಟ್ಟೆ ಈ ಕೆಲಸಕ್ಕೆ ಆಗುವುದಿಲ್ಲವಂತೆ. ಅದರ ಮೇಲೆ ಯಾವ ಬಣ್ಣವೂ ನಿಜ ಕಾಣುವುದಿಲ್ಲ.

ಕಡ್ಡಿಯ ತುದಿಯನ್ನು ನೂಲಿಗೆ ಒತ್ತುತ್ತಾರೆ. ಒಂದು ಸಣ್ಣ ಕಲೆ ಮೂಡಿ ಎಳೆಗಳಲ್ಲಿ ಹರಡುತ್ತದೆ. ಬಿಸಿಲಿಗೆ ಹಿಡಿದು ನೋಡುತ್ತಾರೆ. ಮೂಸುತ್ತಾರೆ. ಆಮೇಲೆ ಶಾಂಭವಿಯವರ ಕೈಗೇ ಕೊಡುತ್ತಾರೆ. 'ಹೊಳಿ ನೀರ ಹೊಕ್ಕಿದ್ರ ಇದು ಹಾಲ ಕೂಡಿಸಿದಂಗ ಗುಲಾಬಿ ಆಕ್ಕಿತ್ರಿ. ನೀವ ಬಣ್ಣದ ಯಾಪಾರದವ್ರು. ನೀವ ಹೇಳ್ರಿ, ಯಾವ ಬಣ್ಣ?'

ಶಾಂಭವಿ ಅದನ್ನು ಬೆರಳಲ್ಲಿ ತಿರುಗಿಸಿ ತಿರುಗಿಸಿ ನೋಡುತ್ತಾರೆ. 'ಕೆಂಪ. ಸ್ವಲ್ಪ ಹಳೇದಾದ ದಾಳಿಂಬ್ರಿ ಕೆಂಪ. ಹಾಲಿಲ್ಲ ಇದರಾಗ.'

'ಇಲ್ಲ. ಸೀದ ವಾಸನಿನೂ ಇಲ್ಲ. ನೀರ ಹೊಕ್ಕಿಲ್ರಿ ಅಕ್ಕಾರ.'

ಶಾಂಭವಿ ಬಾಗಿಲಿಗೆ ಒರಗಿ ನಿಲ್ಲುತ್ತಾರೆ. ಮಳೆಗಾಲದಿಂದ ಹೊತ್ತು ತಿರುಗಿದ ಹೆದರಿಕೆಯೊಂದು ಇಳಿದಿದೆ. ಆದರೆ ಶರಣಬಸಪ್ಪ ಕಡ್ಡಿಯನ್ನು ಒರೆಸಿ ಇನ್ನೊಮ್ಮೆ ಅದ್ದಿ ತೆಗೆದು ತೋರಿಸುತ್ತಾರೆ: ಎಣ್ಣೆ ಗೆರೆಯ ಹತ್ತಿರವೂ ಇಲ್ಲ, ತುದಿಗೆ ಮಾತ್ರ ತಾಗಿದೆ. ಎಂಜಿನ್ ಆರಿಸಿದಾಗ ಡಬ್ಬಿಯ ಮೇಲ್ಭಾಗದ ಎಣ್ಣೆಯೂ ಕೆಳಗಿಳಿದು ಬರುತ್ತದೆ, ಆಗ ಕಡ್ಡಿ ತುಂಬಿದಂತೆ ಕಾಣುತ್ತದೆ. ಇಂಥ ಕಾರಿನಲ್ಲಿ ಗೇರಿನ ಎಣ್ಣೆಯನ್ನು ಎಂಜಿನ್ ಓಡುತ್ತಿರುವಾಗಲೇ ಅಳೆಯಬೇಕು. ಅದನ್ನು ಅವರು ಹೇಳುವ ಬಗೆ ಬೇರೆ. 'ಸಂಜಿಮುಂದ ಮನ್ಯಾಗ ಎಣಿಸಿದ್ರ ಎಲ್ಲಾರೂ ಇರ್ತಾರ್ರಿ. ಹೊಲದಾಗ ಎಷ್ಟ ಮಂದಿ ಅದಾರ ಅಂತ ತಿಳೀಬೇಕಂದ್ರ ಹೊತ್ತೇರಿದಾಗ ಹೊಲಕ್ಕ ಹೋಗಿ ನೋಡಬೇಕ.'

ಅಮರೇಶನದು ಟ್ರ್ಯಾಕ್ಟರಿನ ಕೈ. ಈ ಎರೆನಾಡಿನಲ್ಲಿ ಎಣ್ಣೆಕಡ್ಡಿ ನೋಡಲು ಕಲಿತವರೆಲ್ಲ ಟ್ರ್ಯಾಕ್ಟರಿನ ಮೇಲೆ, ಎಂಜಿನ್ ಆರಿಸಿಯೇ ಕಲಿತವರು. ಅದು ತಪ್ಪೆಂದು ಯಾರಿಗೂ ಅನ್ನಿಸುವ ಕಾರಣವೇ ಇಲ್ಲ.

'ಹಂಗಾರ ಎಣ್ಣಿ ಎಲ್ಲಿ ಹೋತ್ರಿ?' ಎಂದು ಶಾಂಭವಿ ಕೇಳುತ್ತಾರೆ. ಶರಣಬಸಪ್ಪ ಕಾರು ರಾತ್ರಿ ನಿಂತಿದ್ದ ಜಾಗಕ್ಕೆ ನಡೆಯುತ್ತಾರೆ. ನಿನ್ನೆ ಸಂಜೆ ಅವರು ಅದರಡಿ ಹಳೆಯ ಧೋತರವೊಂದನ್ನು ಹಾಸಿದ್ದರು. ಬೆಳಗ್ಗೆ ಬೇಕೆಂದೇ ಅದರತ್ತ ನೋಡಿರಲಿಲ್ಲ. ಮೊದಲೇ ನೋಡಿದರೆ ಕಾಲಿಗೆ ಏನೂ ಕೇಳುವುದಿಲ್ಲ, ಮನಸ್ಸು ಅಲ್ಲೇ ಕೂತುಬಿಡುತ್ತದೆ ಎನ್ನುತ್ತಾರೆ. ಈಗ ಧೋತರದ ಎರಡು ತುದಿ ಹಿಡಿದು ಬೆಳಕಿಗೆ ತರುತ್ತಾರೆ. ನಡುವೆ ಹನಿಹನಿಯಾಗಿ ಕೆಂಪು ಕಲೆ.

ಶಾಂಭವಿ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. 'ಅಯ್ಯ ನಮ್ಮಪ್ಪಾ!'

ಅವರ ತಂದೆ ಅಜ್ಜಪ್ಪನವರು ಎಲೆ-ಅಡಿಕೆ ಮೆಲ್ಲುವವರು. ಮಳೆಗಾಲದಿಂದೀಚೆಗೆ ಅಂಗಳದಲ್ಲಿ ಕೆಂಪು ಹನಿ ಬೀಳುತ್ತಿತ್ತು. ಬೆಳಗ್ಗೆ ಅಂಗಳಕ್ಕೆ ನೀರು ಹೊಡೆಯುವ ಸೊಸೆ ಗೌರವ್ವ, ಅಮರೇಶನ ಹೆಂಡತಿ, ಅದನ್ನು ತೊಳೆಯುತ್ತಾ ಮಾವನಿಗೆ ಕೇಳಿಸುವಂತೆ ಗೊಣಗುತ್ತಿದ್ದರು. ಉಗುಳಿದ್ದು ನಾನಲ್ಲ ಎಂದು ಅಜ್ಜಪ್ಪನವರು ಹೇಳುತ್ತಿದ್ದರು. ಯಾರೂ ನಂಬುತ್ತಿರಲಿಲ್ಲ. ಶಾಂಭವಿ ಅಲ್ಲಿಂದಲೇ ಮನೆಗೆ ಫೋನ್ ಹಚ್ಚುತ್ತಾರೆ. ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕುತ್ತಾರೆ.

'ವೈನಿ, ಇವತ್ತ ಅಂಗಳದಾಗ ಉಗುಳ ಐತೇನ?'

'ಇಲ್ಲವಾ, ಇವತ್ತ ಸ್ವಚ್ಛ ಐತಿ' ಎನ್ನುತ್ತದೆ ಗೌರವ್ವನ ದನಿ. 'ನಿನ್ನೆ ನಾ ಗಂಟ್ಲ ಹರಕೊಂಡಿದ್ದಕ್ಕ ಮಾಂವಾರಿಗೆ ಬುದ್ಧಿ ಬಂತು ಅನಕೊಂಡಿದ್ನಿ.'

'ಅಪ್ಪಗ ಬುದ್ಧಿ ಬಂದದ್ದಲ್ಲ, ಗಾಡಿ ನಿನ್ನೆ ಇಲ್ಲಿ ಬಂದದ್ದು. ಉಗುಳಾಕತ್ತಿದ್ದು ಕಾರ!'

ಆ ಕಡೆ ದೂರದಿಂದ ಒಂದು ಮುದಿ ದನಿ: 'ಏನಂತ? ಯಾರ ಉಗುಳ್ಯಾರಂತ?'

'ಕಾರಂತ್ರಿ ಮಾಂವಾ!'

'ನಾ ಮಳಿಗಾಲದಿಂದ ಬಡ್ಕೊಳ್ಳಾಕತ್ತೀನಿ! ನಾ ಉಗುಳೂದು ಹಿತ್ತಲದಾಗ ಅಂತ! ಅಂಗಳದಾಗ ಉಗುಳಾಕ ನನಗೇನ ಹುಚ್ಚ ಹಿಡದೈತೇನ? ಕೇಳಿದ್ರೇನ ಈಗ? ಎಲ್ಲಾರೂ ಕೇಳಿದ್ರೇನ?'

ಜಂಗ್ಲಿಸಾಬ ನೆಲಕ್ಕೆ ಕೂತು ನಗುತ್ತಾರೆ. ಶಾಂಭವಿಗೂ ನಗು ತಡೆಯಲಾಗುವುದಿಲ್ಲ. ಕಣ್ಣು ಒರೆಸಿಕೊಳ್ಳುತ್ತಾ 'ಕೆಂಪ ಆರಿಸಾಕಿ ನಾ! ದಿನಾ ದಾಟಿಕೊಂಡ ಹೋಗೀನಿ' ಎನ್ನುತ್ತಾರೆ.

ಶರಣಬಸಪ್ಪ ಕಾರಿನಡಿ ನುಸುಳಿ ನೋಡುತ್ತಾರೆ: ಎಣ್ಣೆ ಸೋರುತ್ತಿರುವುದು ಗೇರ್ ಡಬ್ಬಿಯಿಂದ ರೇಡಿಯೇಟರಿಗೆ ಹೋಗುವ ರಬ್ಬರ್ ಪೈಪಿನಿಂದ. ಬಿಸಿಯಾದಾಗ ಸೋರಿ, ತಣ್ಣಗಾದಾಗ ನಿಲ್ಲುವ ಸೋರಿಕೆ. ಪೈಪು ಮುಟ್ಟುವಷ್ಟು ಆರುವವರೆಗೆ ಕೆಲಸವಿಲ್ಲ. ಜಂಗ್ಲಿಸಾಬ ಚಹಾ ತರಿಸುತ್ತಾರೆ. ಶರಣಬಸಪ್ಪ ತಮ್ಮ ಕಥೆ ಹೇಳುವುದು ಇಂಥ ಹೊತ್ತಿನಲ್ಲೇ, ಅದೂ ತುಂಡು ತುಂಡಾಗಿ.

ಕೈಮಗ್ಗದ ಸೀರೆ ಕೇಳುವವರು ಕಡಿಮೆಯಾದ ವರ್ಷಗಳಲ್ಲಿ ಮನೆಯಲ್ಲಿ ಮಗ್ಗಕ್ಕಿಂತ ಕೈಗಳು ಹೆಚ್ಚಾದವು. ಊರಿನ ಬಹಳ ಮಂದಿಯಂತೆ ಅವರೂ ಗೋವಾಕ್ಕೆ ಹೋದರು. ಮಾಪುಸಾದ ಗ್ಯಾರೇಜೊಂದರಲ್ಲಿ ಪಾರ್ಟು ತೊಳೆಯುವ ಕೆಲಸ. ಅಲ್ಲಿಗೆ ಬರುತ್ತಿದ್ದವು ಹೊರದೇಶದ ಹಳೆಯ ಆಟೋಮ್ಯಾಟಿಕ್ ಕಾರುಗಳು. ಬಿಚ್ಚಿದ ಗೇರ್ ಡಬ್ಬಿಯನ್ನು ಮೊದಲ ಸಲ ನೋಡಿದ ದಿನ ಅವರಿಗೆ ಹೆದರಿಕೆಯಾಗಲಿಲ್ಲ. 'ತಟ್ಟಿ ಮ್ಯಾಲ ತಟ್ಟಿ, ತಟ್ಟಿ ಮ್ಯಾಲ ತಟ್ಟಿ. ಎಣ್ಣಿ ಒತ್ತಿದಾಗ ಒಂದಕ್ಕೊಂದು ಹಿಡ್ಕೋತಾವ, ಒತ್ತಡ ಬಿಟ್ರ ಬಿಡ್ತಾವ. ಹಿಡಿಯೂದು, ಬಿಡೂದು. ಇಷ್ಟ ಐತಲ್ಲಾ ಅನಿಸ್ತು.' ಇಷ್ಟೇ ಇರುವುದನ್ನು ಕಲಿಯಲು ಅವರಿಗೆ ಗೋವಾದಲ್ಲಿ ಯೌವನವೆಲ್ಲ ಹೋಯಿತು.

ತಂದೆಯ ಕಣ್ಣು ಮಂಜಾದಾಗ ಊರ ಕಡೆ ಬಂದರು. ಗಜೇಂದ್ರಗಡಕ್ಕಿಂತ ಹೆದ್ದಾರಿಯ ನರಗುಂದ ಒಳ್ಳೆಯದೆಂದು ಇಲ್ಲಿ ಶೆಡ್ಡು ಹಿಡಿದರು. ಆಗ ನರಗುಂದದಲ್ಲಿ ಒಂದೂ ಆಟೋಮ್ಯಾಟಿಕ್ ಕಾರಿರಲಿಲ್ಲ.

'ಇಂವ ದಿನಾ ಮುಂಜಾನೆ ಶೆಡ್ಡ ತಗದು, ಕಸಾ ಹೊಡದು, ರಸ್ತೆ ನೋಡ್ಕೋತ ಕುಂದರತಿದ್ದ' ಎಂದು ಜಂಗ್ಲಿಸಾಬ ಮಧ್ಯೆ ಬಾಯಿ ಹಾಕುತ್ತಾರೆ. 'ನಾನ ಅಂದೆ, ಲೇ ಹುಚ್ಚಾ, ಬರಲಾರದ ಗಾಡಿ ದಾರಿ ಎಷ್ಟ ದಿನಾ ಕಾಯ್ತಿ, ಬಾ, ಟ್ರ್ಯಾಕ್ಟರಿನ ನಟ್ಟ ಬಿಚ್ಚು.'

'ಬಿಚ್ಚಿದ್ನಿ. ಅದ ಇವತ್ತಿಗೂ ಹೊಟ್ಟಿಗೆ ಹಾಕ್ತೈತಿ.'

ನಿಜ. ಆಟೋಮ್ಯಾಟಿಕ್ ಕಾರು ದಿನಕ್ಕೆಷ್ಟು ಬರುತ್ತವೆ ಎಂದರೆ 'ದಿನಾ ಅಲ್ರಿ, ತಿಂಗಳ ಕೇಳ್ರಿ' ಎನ್ನುತ್ತಾರೆ, ತಿಂಗಳಿಗೂ ಬೆರಳೆಣಿಕೆಯಷ್ಟೇ. ಮಂಡಿನೋವಿನ ನಿವೃತ್ತ ಮಾಸ್ತರರು, ತಡವಾಗಿ ಡ್ರೈವಿಂಗ್ ಕಲಿತ ಹೆಣ್ಣುಮಕ್ಕಳು, ಶಾಂಭವಿಯಂಥವರು. ಕೆಲವರು ದೂರದಿಂದ ಫೋನ್ ಮಾಡಿ, ಫೋನನ್ನು ಕಾರಿನ ನೆಲಕ್ಕಿಟ್ಟು ಓಡಿಸಿ ಕೇಳಿಸುತ್ತಾರೆ. 'ಫೋನಿನ್ಯಾಗ ಕಾಲ ಇಡಾಕ ಬರೂದಿಲ್ರೀ ಸಾಹೇಬ್ರ, ಗಾಡಿ ತಗೊಂಡ ಬರ್ರಿ ಅಂತೀನಿ.' ಬಂದದ್ದೆಲ್ಲ ಉಳಿಯುವುದೂ ಇಲ್ಲ. ಒಳಗಿನ ತಟ್ಟೆ ಸವೆದಿದ್ದರೆ ಅವರು ಮುಖ ನೋಡಿ ಹೇಳಿಬಿಡುತ್ತಾರೆ. ಅಂಥ ದಿನ ಅವರು ಊಟಕ್ಕೆ ತಡವಾಗಿ ಬರುತ್ತಾರೆಂದು ನೀಲಾ ಹೇಳುತ್ತಾರೆ.

ಪೈಪು ಬದಲಾಗುತ್ತದೆ. ಸಣ್ಣ ಕೊಳವೆಯಿಂದ ಹೊಸ ಕೆಂಪು ಎಣ್ಣೆ ಸ್ವಲ್ಪ ಸ್ವಲ್ಪವೇ ಒಳಗಿಳಿಯುತ್ತದೆ. ಪ್ರತಿ ಸಲ ಎಂಜಿನ್ ಓಡುತ್ತಿರುವಾಗಲೇ ಕಡ್ಡಿ, ಪ್ರತಿ ಸಲ ನೂಲು. ಗೆರೆ ಮುಟ್ಟಿದ ಮೇಲೆ ಮತ್ತೆ ಇಬ್ಬರೂ ಕಾರು ಹತ್ತುತ್ತಾರೆ. ಕೋಲು ಡಿ ಅಕ್ಷರಕ್ಕೆ ಬಂದ ಕೂಡಲೇ ಕಾರು ಮೆತ್ತಗೆ ಮುಂದಕ್ಕೆ ಒತ್ತುತ್ತದೆ. 'ಹಿಡೀತ್ರಿ!' ಎಂದು ಶಾಂಭವಿ ಎಳೆಯ ಹುಡುಗಿಯಂತೆ ಕೂಗುತ್ತಾರೆ.

ಆ ಖುಷಿ ಉಳಿಯುವುದು ಕಾಲುವೆಯ ಸೇತುವೆಯವರೆಗೆ ಮಾತ್ರ. ಅಲ್ಲಿ ಎರಡರಿಂದ ಮೂರಕ್ಕೆ ಹೋಗುವಾಗ ಎಂಜಿನ್ನು ಎರಡರಲ್ಲೇ ಬಹಳ ಹೊತ್ತು ಎಳೆದು, ಮತ್ತೆ ಅದೇ ಒದೆತ. ಈ ಸಲ ಜಾರುವುದಿಲ್ಲ, ಆದರೆ ಒದೆಯುತ್ತದೆ. ಶರಣಬಸಪ್ಪ ಮತ್ತೊಮ್ಮೆ ಎನ್ನುತ್ತಾರೆ. ಮತ್ತೆ ಒದೆತ. ಮತ್ತೊಮ್ಮೆ. ಅವರ ಹಣೆಯಲ್ಲಿ ಗೆರೆ ಮೂಡುತ್ತದೆ.

'ಸುಳ್ಳ ಹೇಳಬಾರದ್ರಿ ಅಕ್ಕಾರ. ಕಡಿಮಿ ಎಣ್ಣಿ ಮ್ಯಾಲ ಭಾಳ ದಿನಾ ಓಡೈತಿ. ಒಳಗ ತಟ್ಟಿ ಸವದಿರಬೇಕ.'

'ಅಂದ್ರ?'

'ಬಿಚ್ಚಬೇಕ. ಬಿಚ್ಚಿದ್ರ ಒಳಗಿನ ಸಾಮಾನ ಸಿಗಬೇಕ. ಇಷ್ಟ ಹಳೇ ಗಾಡಿದು...'

ಶಾಂಭವಿಯ ಫೋನು ಸದ್ದು ಮಾಡುತ್ತದೆ. ಅಮರೇಶನ ಹೆಸರು. ಕಾರು ಒಯ್ಯುವವರು ಹೊರಟಿರಬೇಕು. ಶಾಂಭವಿ ಎತ್ತುವುದಿಲ್ಲ. ಇನ್ನು ತಿರುಗಿಸಿಕೊಂಡು ಹೋಗುವುದಷ್ಟೇ ಉಳಿದಿದೆ ಎಂಬಂತೆ, ಆಕ್ಸಿಲರೇಟರಿನಿಂದ ಕಾಲು ತೆಗೆದು ಮುಂದೆ ಎಲ್ಲಿ ಜಾಗವಿದೆಯೆಂದು ನೋಡುತ್ತಾರೆ. ಎಂಜಿನ್ನಿನ ದನಿ ಇಳಿಯುತ್ತದೆ. ಡ್ಯಾಶ್‌ಬೋರ್ಡಿನ ಬಸವಣ್ಣ ಅಲುಗುವುದಿಲ್ಲ.

ಶರಣಬಸಪ್ಪ ಥಟ್ಟನೆ ಕಣ್ಣು ತೆರೆದು ತಮ್ಮ ಪಾದಗಳನ್ನು ನೋಡಿಕೊಳ್ಳುತ್ತಾರೆ. 'ಈಗ ಏನ ಮಾಡಿದ್ರಿ?'

'ಏನೂ ಇಲ್ರಿ. ಕಾಲ ತಗದೆ.'

'ಮೂರನೇದ ಬಿತ್ತು! ಬೆಣ್ಣ್ಯಾಗ ಕೂದಲಾ ಎಳದಂಗ ಬಿತ್ತು. ಮತ್ತೊಮ್ಮೆ ಹೋಗ್ರಿ. ಎರಡರಾಗ ಎಳೀರಿ. ಹಾಂ. ಈಗ ಕಾಲ ತಗೀರಿ.'

ಮತ್ತೆ ಒದೆತವಿಲ್ಲ. ಮತ್ತೆ ಇಲ್ಲ. ಶರಣಬಸಪ್ಪ ಸೀಟಿಗೆ ಒರಗಿ ದೊಡ್ಡದಾಗಿ ನಗುತ್ತಾರೆ, ತಮ್ಮನ್ನೇ ನೋಡಿ ನಕ್ಕಂತೆ. 'ತಟ್ಟಿ ಸವದಿಲ್ರೀ. ತಪ್ಪ ಹೇಳಿದ್ನಿ ನಾ. ಸವದ ತಟ್ಟಿ ಹಿಂಗ ಮೆತ್ತಗ ಹಿಡಿಯೂದಿಲ್ಲ. ನಿಲ್ಲಸ್ರಿ ಇಲ್ಲೇ.'

ಬೇವಿನ ಮರದಡಿ ಕಾರು ನಿಲ್ಲುತ್ತದೆ, ಶರಣಬಸಪ್ಪ ಬಾನೆಟ್ ಎತ್ತುತ್ತಾರೆ. ಆಕ್ಸಿಲರೇಟರಿನ ಪಕ್ಕದಿಂದ ಗೇರ್ ಡಬ್ಬಿಗೆ ಒಂದು ತೆಳುವಾದ ತಂತಿ ಹೋಗುತ್ತದೆ. ಓಡಿಸುವವರು ಎಷ್ಟು ಜೋರಾಗಿ ತುಳಿಯುತ್ತಿದ್ದಾರೆಂದು ಡಬ್ಬಿಗೆ ಸುದ್ದಿ ಮುಟ್ಟಿಸುವ ತಂತಿ ಅದು. ಅದರ ಮೇಲಿನ ನಟ್ಟು ತುದಿಯವರೆಗೆ ಬಿಗಿದಿದೆ. ಹಿಂದೆ ಅದು ಇದ್ದ ಜಾಗದಲ್ಲಿ ಧೂಳು ಕೂರದ ಸಣ್ಣ ಉಂಗುರದ ಗುರುತು ಇನ್ನೂ ಹೊಳೆಯುತ್ತಿದೆ.

'ಇದನ್ನ ಯಾರೋ ಬಿಗಿ ಮಾಡ್ಯಾರ.'

ಶಾಂಭವಿ ಬಗ್ಗಿ ನೋಡುತ್ತಾರೆ. 'ಅಣ್ಣ ಮಾಡಿದ್ದ. ಗೇರ ಜಾರಾಕ ಹತ್ತಿದಾಗ, ನಿನ್ನ ಗಾಡಿ ಎಳೀವಲ್ದು, ವಾಯರ ಸಡ್ಲ ಆಗೈತಿ ಅಂತ.'

'ಟ್ರ್ಯಾಕ್ಟರಿಗೆ ಹಂಗ ಮಾಡ್ತಾರ್ರಿ. ತಂಗಿ ಗಾಡಿ ಎಳೀಲಿ ಅಂತ ಮಾಡ್ಯಾರ. ಡಬ್ಬಿಗೆ ಮಾತ್ರ ಈಕಿ ಯಾವಾಗ್ಲೂ ಜೋರ ತುಳಿಯಾಕತ್ತಾಳ ಅನಸ್ತಿತ್ತು. ಅದಕ್ಕ ಗೇರ ಬಿಡ್ತಿದ್ದಿಲ್ಲ, ಬಿಟ್ರ ಒದೀತಿತ್ತು.' ಹೇಳುತ್ತಲೇ ಅವರು ನಟ್ಟನ್ನು ಸಡಿಲಿಸಿ, ಹೊಳೆಯುವ ಉಂಗುರದ ಮೇಲೆ ಸರಿಯಾಗಿ ತಂದು ಕೂರಿಸುತ್ತಾರೆ.

ಶೆಡ್ಡಿಗೆ ಹೊರಳಿ ಬರುವ ದಾರಿಯಲ್ಲಿ ಶಾಂಭವಿಯ ಕಿವಿಯೆಲ್ಲ ಗೇರಿನ ಮೇಲೆ. ಕಾರು ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಹೋಗುತ್ತದೆ. ಎಂಜಿನ್ನಿನ ದನಿ ಒಂದು ಮೆಟ್ಟಿಲು ಇಳಿದದ್ದಷ್ಟೇ ಕೇಳುತ್ತದೆ. ಹತ್ತಿ ಹೇರಿದ ಟ್ರ್ಯಾಕ್ಟರನ್ನು ದಾಟಿ ಮುಂದೆ ಬಂದಾಗ ಅವರ ಭುಜಗಳು ಮೊದಲ ಬಾರಿಗೆ ಕೆಳಗಿಳಿಯುತ್ತವೆ.

ಶೆಡ್ಡಿನ ಮುಂದೆ ನಿಂತು ಅಣ್ಣನಿಗೆ ಫೋನ್ ಮಾಡುತ್ತಾರೆ.

'ಅವ್ರಿಗೆ ಬರಬ್ಯಾಡ ಅಂತ ಹೇಳ.'

'ಹಾದ್ಯಾಗ ಅದಾರ ಅವ್ರು!'

'ಹಾದ್ಯಾಗಿಂದ ಹೊಳ್ಳಿ ಹೋಗಾಕ ಹೇಳ. ಗಾಡಿ ಚಲೋ ಐತಿ. ಎಣ್ಣಿ ಸೋರಿತ್ತು, ಮತ್ತ ನೀ ಬಿಗಿ ಮಾಡಿದ್ದಿಯಲ್ಲ, ಆ ವಾಯರು.'

'ಎಳೀಲಿ ಅಂತ ಮಾಡಿದ್ನವಾ.'

'ಗೊತ್ತೈತೋ ಅಣ್ಣಾ.' ದನಿ ಮೆತ್ತಗಾಗುತ್ತದೆ. 'ನಾ ಹಂಗ ಗಜೇಂದ್ರಗಡಕ್ಕ ಹೊಂಟೀನಿ.'

'ಒಬ್ಬಾಕಿನ?'

'ಒಬ್ಬಾಕಿನ.'

ಅಮರೇಶ ಹೇಳುತ್ತಾನೆ: 'ಮುಟ್ಟಿದ ಮ್ಯಾಲ ಫೋನ್ ಹಚ್ಚು.'

ಹೊರಡುವಾಗ ಶರಣಬಸಪ್ಪ ಭರವಸೆಯ ದೊಡ್ಡ ಮಾತೇನನ್ನೂ ಆಡುವುದಿಲ್ಲ. ಹಳೆಯ ಗಾಡಿ, ಮುಂದೆ ಏನೂ ಆಗುವುದಿಲ್ಲ ಎಂದು ಹೇಳಲು ಬರುವುದಿಲ್ಲ ಎನ್ನುತ್ತಾರೆ. 'ಇವತ್ತ ಹೋಗ್ರಿ. ಎಣ್ಣಿ ಮಾತ್ರ ಚಾಲೂ ಇದ್ದಾಗ ನೋಡ್ರಿ. ಅಣ್ಣಾರಿಗೂ ತೋರಿಸಿಕೊಡ್ರಿ, ಅವ್ರ ದಿನಾ ನೋಡೂದು ತಪ್ಪಿಸಬ್ಯಾಡ್ರಿ.' ಶಾಂಭವಿ ಕೈಮುಗಿದು ಸ್ಟೇರಿಂಗ್ ಹಿಡಿಯುತ್ತಾರೆ.

ಬಿಳಿ ಕಾರು ರೋಣದ ಕಡೆಗೆ ಹೊರಡುತ್ತದೆ. ಶರಣಬಸಪ್ಪ ರಸ್ತೆಯ ಅಂಚಿಗೆ ಬಂದು ತಲೆ ಒಂದು ಪಕ್ಕಕ್ಕೆ ವಾಲಿಸಿ ನಿಲ್ಲುತ್ತಾರೆ. ಪಕ್ಕದಲ್ಲಿ ಜಂಗ್ಲಿಸಾಬ. ಕಾರು ಬೇವಿನ ಮರಗಳ ಸಾಲಿನಲ್ಲಿ ಸಣ್ಣದಾಗುತ್ತದೆ.

'ಬಿತ್ತು' ಎನ್ನುತ್ತಾರೆ ಶರಣಬಸಪ್ಪ.

'ಏನ ಬಿತ್ತಲೇ?'

'ಮೂರನೇದು. ಕೇಳಿಸ್ತೇನ ನಿನಗ?'

'ನನಗೇನೂ ಕೇಳಲಿಲ್ಲ ಬಿಡಪಾ.'

'ಸರಿ ಬಿದ್ರ ಕೇಳಿಸಬಾರದು' ಎಂದು ಹೇಳಿ ಶರಣಬಸಪ್ಪ ಶೆಡ್ಡಿನೊಳಗೆ ಹೋಗುತ್ತಾರೆ.